ಪಾರ್ಲರ್ ಬಾಗಿಲಲ್ಲಿ ಹೇನು

"ಅಯ್ಯಯ್ಯೋ, ಹೇನು ಕಣೇ ಹೇನು! ಬುಡದಿಂದ ತುದಿತನಕ ಬರೀ ಹೇನು!"

ಬ್ಯೂಟಿ ಪಾರ್ಲರಿನ ಬಾಗಿಲಲ್ಲಿ ನಿಂತು ಕೂಗಬಾರದ ಮಾತು ಒಂದಿದ್ದರೆ ಅದು ಇದೇ. ಕೂಗಿದ್ದು ಬೇರೆ ಯಾರೂ ಅಲ್ಲ, ಪಾರ್ಲರಿನವಳ ಸ್ವಂತ ಅತ್ತೆ. ಕಿವಿ ಮಂದವಾದ ಮೇಲೆ ಅವರ ಗಂಟಲು ಜೋರಾಗಿತ್ತು. ಗುಟ್ಟಿನ ಮಾತನ್ನೂ ಇಡೀ ಬೀದಿಗೆ ಹಂಚುತ್ತಿದ್ದರು. ಒಳಗೆ ಕುರ್ಚಿಯಲ್ಲಿ ಮದುಮಗಳು ಅರ್ಧ ತಲೆಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಕೂತಿದ್ದಳು. ಪಕ್ಕದ ಸೋಫಾದಲ್ಲಿ ಅವಳ ದೊಡ್ಡಮ್ಮ. ಹುಡುಗಿಯ ಜಡೆ ಇವತ್ತು ಚೆನ್ನಾಗಿ ಕೂತರೆ ನಾಳೆ ಮದುವೆಮನೆಯ ಹೆಂಗಸರೆಲ್ಲರ ತಲೆಯೂ ನಿನ್ನದೇ ಎಂದು ಆ ದೊಡ್ಡಮ್ಮ ಆಗಷ್ಟೇ ಮಾತು ಕೊಟ್ಟಿದ್ದರು.

ದೊಡ್ಡಮ್ಮ ಚೇಳು ಕುಟುಕಿದವರ ಹಾಗೆ ಎದ್ದರು. "ಏಳೇ ಹುಡುಗಿ! ಕೂದಲು ಕಟ್ಕೋ! ಎದುರುಗಡೆ ಹೊಸ ಪಾರ್ಲರ್ ಆಗಿದೆಯಲ್ಲ, ಅಲ್ಲಿಗೆ ಹೋಗೋಣ ನಡಿ."

"ಒಂದು ನಿಮಿಷ ಇರಿ ಅಮ್ಮಾ. ಅದು ಬಾಗಿಲಲ್ಲಿರೋ ಕುಂಡದ ಗುಲಾಬಿ ಗಿಡದ ಹೇನು" ಎಂದಳು ಪಾರ್ಲರಿನವಳು.

"ನನ್ನ ಕಿವಿಗೇ ಹೂವು ಮುಡಿಸ್ತೀಯಾ? ಗಿಡಕ್ಕೇನು ತಲೆ ಇದೆಯಾ, ಹೇನು ಬೀಳೋಕೆ?"

ಮದುಮಗಳು ಕನ್ನಡಿಯಲ್ಲೇ ನಕ್ಕಳು. "ಹೋಗಿ ನೋಡಿಕೊಂಡು ಬನ್ನಿ ದೊಡ್ಡಮ್ಮಾ. ನಾನಂತೂ ಈ ಅರ್ಧ ತಲೆ ಇಟ್ಕೊಂಡು ರಸ್ತೆ ದಾಟಲ್ಲ."

ಪಾರ್ಲರಿನವಳಿಗೆ ಗಾಬರಿಯಾದದ್ದು ನಿಜ. ಈ ದೊಡ್ಡಮ್ಮ ಸುಮ್ಮನೆ ಹೋಗುವ ಪೈಕಿಯಲ್ಲ. ಮೆಟ್ಟಿಲು ಇಳಿದರೆ ಸಾಕು, ಮದುವೆಮನೆಯ ತುಂಬ 'ಅಲ್ಲಿ ಹೇನಂತೆ' ಎಂಬ ಸುದ್ದಿ ಓಡಾಡುತ್ತದೆ, ಅಲ್ಲಿಂದ ನೆಂಟರ ಜೊತೆ ಊರೂರಿಗೆ ಹೊರಡುತ್ತದೆ. ಆಮೇಲೆ ಅಂಗಡಿಗೆ ಬೀಗ ಹಾಕಿ ಗುಲಾಬಿ ಮಾರಿಕೊಂಡಿರಬೇಕಷ್ಟೇ. ಆದರೆ ಗಾಬರಿಗೆ ಕೈ ನಡುಗುವವಳು ದಿನವಿಡೀ ಕತ್ತರಿ ಹಿಡಿದು ಬಾಳುವುದುಂಟೇ? ಅವಳು ಕೂದಲು ನೆನೆಸುವ ಸ್ಪ್ರೇ ಬಾಟಲಿಗೆ ಒಂದು ತೊಟ್ಟು ಶಾಂಪೂ ಬಿಟ್ಟು ಕುಲುಕಿದಳು. ಇನ್ನೊಂದು ಕೈಯಲ್ಲಿ ದೊಡ್ಡಮ್ಮನ ಮೊಳಕೈ ಹಿಡಿದು, ತವರಿಗೆ ಕರೆದೊಯ್ಯುವಷ್ಟು ಮರ್ಯಾದೆಯಿಂದ ಹೊರಗೆ ಕರೆತಂದಳು.

"ಬಗ್ಗಿ ನೋಡಿ. ಮೊಗ್ಗಿನ ಕೆಳಗೆ."

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಕುಂಡದ ಮೇಲೆ ಬಗ್ಗಿದರು. ಮೊಗ್ಗಿನ ಕತ್ತಿನ ಸುತ್ತ ಹಸಿರು ಚುಕ್ಕೆಗಳು ಒಂದರ ಮೇಲೊಂದು ಹತ್ತಿ ಕೂತು ರಸ ಹೀರುತ್ತಿದ್ದವು. ಚಿಗುರೆಲೆ ಮುದುರಿತ್ತು. ಎಲೆಯ ಮೇಲಿನ ಜಿಗುಟು ನೆಕ್ಕಲು ಇರುವೆಗಳು ಸಾಲುಗಟ್ಟಿ ಮೇಲೇರುತ್ತಿದ್ದವು.

"ಥೂ! ಕಾಲೂ ಇದೆಯಲ್ಲೇ ಇವಕ್ಕೆ!"

"ಕಾಲಿದೆ, ಬಾಯಿದೆ, ಮೊಗ್ಗು ಅರಳೋಕೆ ಬಿಡಲ್ಲ. ಆದ್ರೆ ಮನುಷ್ಯರ ತಲೆ ಇವಕ್ಕೆ ಬೇಡ" ಎನ್ನುತ್ತಲೇ ಪಾರ್ಲರಿನವಳು ಟೊಂಗೆಯನ್ನು ಜಡೆಯಂತೆ ಎತ್ತಿ ಹಿಡಿದು ಶಾಂಪೂ ನೀರನ್ನು ಸುಯ್ಯನೆ ಹೊಡೆದಳು. ಬೆರಳುಗಳ ನಡುವೆ ಕಾಂಡವನ್ನು ಹಿಡಿದು ಮೇಲಿಂದ ಕೆಳಗೆ ಒಮ್ಮೆ ಸವರಿದಳು. ಹಸಿರು ಸಂಸಾರವೆಲ್ಲ ನೊರೆಯ ಜೊತೆ ಜಾರಿ ನೆಲಕ್ಕೆ ಬಿತ್ತು.

"ಎಲೆ ಅಡಿಗೂ ಹೊಡಿ ಕಣೇ, ಅಲ್ಲೇ ಇರೋದು ಅವುಗಳ ಮರಿಮೊಮ್ಮಕ್ಕಳು!" ಅತ್ತೆ ಮತ್ತೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

ದೊಡ್ಡಮ್ಮ ಮಾತ್ರ ಸೋಲೊಪ್ಪುವ ಜಾತಿಯೇ ಅಲ್ಲ. ಬಗ್ಗಿದಲ್ಲೇ ಗೊಣಗಿದರು. "ಇರಬಹುದಮ್ಮಾ. ಆದ್ರೂ ಹೇನು ಹೇನೇ. ನಮ್ಮ ಮನೆಯಲ್ಲಿ ಇಂಥದ್ದನ್ನ ಯಾರೂ ಕಂಡೋರಲ್ಲ. ನಾಳೆ ನಾಲ್ಕು ಜನ ಕೇಳಿದ್ರೆ ನಾನು ಇದ್ದದ್ದು ಇದ್ದ ಹಾಗೆ ಹೇಳೋಳೇ." ಹೇಳುತ್ತಾ ಹೇಳುತ್ತಾ ಅವರ ಬೆರಳು ಕಿವಿಯ ಹಿಂದೆ ಹೋಗಿ ಪರಪರ ಕೆರೆಯಿತು.

ಅವರ ತಲೆ ಒಳ್ಳೆ ಬಿಸಿಲಲ್ಲಿ, ಸರಿಯಾಗಿ ಪಾರ್ಲರಿನವಳ ಮೂಗಿನ ಕೆಳಗೇ ಇತ್ತು. ಅವಳು ನೋಡಿದಳು. ಕೆರೆದ ಜಾಗದಲ್ಲಿ ಕೂದಲ ಬುಡಕ್ಕೆ ಬಿಳಿಬಿಳಿ ಕಾಳುಗಳು ಅಂಟಿದ್ದವು. ಮೆಲ್ಲಗೆ ಉಫ್ ಎಂದು ಊದಿದಳು. ಹೊಟ್ಟಾಗಿದ್ದರೆ ಹಾರಬೇಕಿತ್ತು, ಒಂದೂ ಅಲುಗಲಿಲ್ಲ. ಹೇನಿನ ಮೊಟ್ಟೆ, ಅಪ್ಪಟ ಸೀರು! ಅವಳಿಗೆ ಎಂಥಾ ಖುಷಿಯಾಯಿತೆಂದರೆ ಕೈಯಲ್ಲಿದ್ದ ಬಾಟಲಿ ತಾನಾಗಿ ಎರಡು ಸಲ ಚಿಮ್ಮಿತು. ಒಂದೇ ಒಂದು ಮಾತನ್ನು ಅತ್ತೆಯ ಕಿವಿಗೆ ಹಾಕಿದ್ದರೆ ಸಾಕಿತ್ತು, ಉಳಿದದ್ದನ್ನು ಅವರ ಗಂಟಲೇ ನೋಡಿಕೊಳ್ಳುತ್ತಿತ್ತು. ನಾಲಿಗೆ ತುದಿಯವರೆಗೆ ಬಂದದ್ದನ್ನು ಅವಳು ನುಂಗಿಕೊಂಡಳು.

"ಅಮ್ಮಾ, ಸ್ವಲ್ಪ ಒಳಗಿನ ಕೋಣೆಗೆ ಬನ್ನಿ."

ಪರದೆ ಎಳೆದ ಮೇಲೆ ಅವಳು ಎರಡು ಬೆರಳಲ್ಲಿ ಒಂದೆಳೆ ಕೂದಲು ಕಿತ್ತು ದೊಡ್ಡಮ್ಮನ ಅಂಗೈಯಲ್ಲಿಟ್ಟಳು. ಕೂದಲ ಮೇಲೊಂದು ಸೀರು, ಅದರ ಪಕ್ಕದಲ್ಲೇ ನಡೆದಾಡುವ ಅದರ ತಾಯಿ.

ದೊಡ್ಡಮ್ಮನ ಮುಖ ಸುಣ್ಣ ಬಳಿದಂತಾಯಿತು. "ಹೊಟ್ಟು ಅಂದ್ಕೊಂಡಿದ್ದೆ" ಎಂದು ಪಿಸುಗುಟ್ಟಿದರು.

"ಆಗುತ್ತೆ ಬಿಡಿ, ತಲೆ ಅಂದ ಮೇಲೆ ಹತ್ತೋದೇ. ನಾಳೆಯೊಳಗೆ ಒಂದೂ ಉಳಿಯಲ್ಲ, ಅದು ನನ್ನ ಜವಾಬ್ದಾರಿ." ಅವಳು ಅವರ ಹೆಗಲಿಗೆ ಬೇರೆಯೇ ಟವೆಲ್ ಹೊದಿಸಿದಳು. ಡ್ರಾಯರಿನಿಂದ ಒತ್ತುಹಲ್ಲಿನ ಹೊಸ ಸೀರಣಿಗೆ ತೆಗೆದಳು.

ದೊಡ್ಡಮ್ಮ ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ಕಣ್ಣಲ್ಲಿ ನೀರು ತುಂಬಿತ್ತು. "ಮದುವೆಮನೆ ಕಣಮ್ಮಾ. ಬೀಗರೆಲ್ಲ ಬಂದು ಇಳಿದಿದ್ದಾರೆ. ಯಾರಾದ್ರೂ ಕೇಳಿದ್ರೆ ಏನಂತ ಹೇಳ್ತೀಯ?"

"ಅದಕ್ಕೇನಂತೆ?" ಪಾರ್ಲರಿನವಳು ನಗುತ್ತಾ ಅವರ ಬೈತಲೆ ತೆಗೆದಳು. "ಗಿಡದ್ದು ಅಂತೀನಿ."