ಹೊಗೆಯಿಲ್ಲ, ವಾಸನೆಯಿಲ್ಲ

ರತ್ನಳ ಮನೆಯಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ಇದ್ದದ್ದು ಎರಡು ಬಲ್ಬು. ಮೊಬೈಲ್ ಚಾರ್ಜಿಗೂ ಗಂಡ ಶಿವರಾಜು ಬಲ್ಬಿನ ಹೋಲ್ಡರಿನಿಂದಲೇ ವೈರು ಎಳೆದಿದ್ದ. ಸೋಮವಾರ ಹನೂರಿನಿಂದ ಎಲೆಕ್ಟ್ರಿಷಿಯನ್ ಬಂದು, ಮಲಗುವ ಜಾಗದ ಗೋಡೆಗೆ ಬಿಳಿ ಬೋರ್ಡು ಕೂರಿಸಿ ಹೋದ. ರತ್ನ ಸ್ವಿಚ್ಚನ್ನು ಹತ್ತು ಸಲ ಒತ್ತಿ ನೋಡಿದಳು. ಅದೇ ಸಂಜೆ ಶಿವರಾಜು ಸೊಳ್ಳೆ ಓಡಿಸುವ ಮಷಿನ್ ತಂದ. ಬೆರಳುದ್ದದ ಸೀಸೆ, ಸಿಕ್ಕಿಸಿದರೆ ಕೆಂಪು ದೀಪ.

ಎರಡು ವರ್ಷದ ಮಗಳು ಮೀನಾಳ ಮೈತುಂಬ ಸೊಳ್ಳೆ ಕಚ್ಚಿದ ಗಂಟುಗಳಿದ್ದವು. ಆದರೆ ಸೊಳ್ಳೆಬತ್ತಿ ಹಚ್ಚುವಂತಿರಲಿಲ್ಲ. ಮನೆಯೊಳಗೇ, ಎದೆಮಟ್ಟದ ಮೋಟುಗೋಡೆಯ ಆಚೆ ರೇಷ್ಮೆ ಹುಳ ಮೇಯುತ್ತಿತ್ತು. ಹುಳಕ್ಕೆ ಹೊಗೆ ಆಗದು, ವಾಸನೆ ಆಗದು. ಬೆಳೆ ಮುಗಿಯುವತನಕ ಅತ್ತೆ ಪುಟ್ಟಬಸಮ್ಮ ಊದುಬತ್ತಿ ಹಚ್ಚಗೊಡುತ್ತಿರಲಿಲ್ಲ. ಒಗ್ಗರಣೆಯೂ ಹೊರಗಿನ ಒಲೆಯಲ್ಲೇ. ಹೊಗೆಸೊಪ್ಪು ಹಾಕಿದವರು ಬಾಗಿಲು ದಾಟುವಂತಿರಲಿಲ್ಲ. ಈ ಬೆಳೆ ಕೈಗೆ ಬಂದರೆ ಹಿತ್ತಲಲ್ಲಿ ಹುಳಕ್ಕೇ ಬೇರೆ ಮನೆ ಏಳುವುದಿತ್ತು. ಪಾಯ ತೋಡಿ ಆಗಿತ್ತು.

ಪುಟ್ಟಬಸಮ್ಮ ಮಷಿನ್ ಈಸಿಕೊಂಡು ತಿರುಗಿಸಿ ನೋಡಿದಳು.

"ಇದ್ರಲ್ಲಿ ಒಗೆ ಬತ್ತದೇನ್ಲಾ?"

"ಇಲ್ಲ ಕಣವ್ವ. ಒಗೆನೂ ಇಲ್ಲ, ವಾಸ್ನೆನೂ ಇಲ್ಲ. ಅದ್ಕೇ ತಂದಿವ್ನಿ."

ಸಿಕ್ಕಿಸಿದರು. ಪುಟ್ಟಬಸಮ್ಮ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಎಳೆದೆಳೆದು ಮೂಸಿದಳು.

"ಪೊಲೀಸ್ ನಾಯಿಗೂ ನಿನ್ನಷ್ಟು ಮೂಗಿಲ್ಲ ಬುಡು," ಎಂದ ಶಿವರಾಜು.

"ಲೇ, ಮೂವತ್ತು ವರ್ಸ ಉಳ ಕಾಯ್ದಿರೋ ಮೂಗು ಕಣ್ಲಾ ಇದು. ಏನೂ ವಾಸ್ನೆ ಇಲ್ಲ. ಆಕು ರತ್ನ, ಕೂಸು ಮಲಗ್ಲಿ."

ಬೆಳಿಗ್ಗೆ ಏಳಾದರೂ ಮೀನಾ ಎದ್ದಿರಲಿಲ್ಲ. ಹಾಗೆ ಮಲಗಿದ್ದು ಅದೇ ಮೊದಲು. ರತ್ನ ಮಗುವಿನ ತೋಳು ಎತ್ತಿ ನೋಡಿದಳು. ಹೊಸದಾಗಿ ಕಚ್ಚಿದ ಗುರುತಿರಲಿಲ್ಲ. ನಗುತ್ತ ಅತ್ತೆಯನ್ನು ಕೂಗಿದಳು.

ಪುಟ್ಟಬಸಮ್ಮ ಮೋಟುಗೋಡೆಯ ಆಚೆ ಸೊಪ್ಪಿನ ಮಂಕರಿ ಹೊತ್ತು ನಿಂತೇ ಇದ್ದಳು. ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಾಗಿದ್ದ ಹುಳ. ಮೇಯುವ ಸದ್ದೇ ಇರಲಿಲ್ಲ. ಹಿಂದಿನ ರಾತ್ರಿ ಹಾಕಿದ ಸೊಪ್ಪು ತಟ್ಟೆಗಳಲ್ಲಿ ಹಾಕಿದ ಹಾಗೇ ಬಾಡಿತ್ತು. ಅದರ ಮೇಲೆ ಹುಳಗಳು ಹಸಿರು ನೀರು ಕಕ್ಕಿ, ತಲೆ ಹಿಂದಕ್ಕೆ ಬಾಗಿಸಿ, ಅರ್ಧ ಬೆರಳಿಗೆ ಕುಗ್ಗಿ ಬಿದ್ದಿದ್ದವು. ಕೆಲವು ಇನ್ನೂ ಹೊರಳುತ್ತಿದ್ದವು.

ಶಿವರಾಜು, ಮರಿಹುಳ ಕೊಟ್ಟಿದ್ದ ಮಾದಸ್ವಾಮಿಗೆ ವಿಡಿಯೋ ಕಾಲ್ ಮಾಡಿದ. ಎರಡು ಸಲ ಬೇರೆ ಯಾರಿಗೋ ಒತ್ತಿ ಕಟ್ ಮಾಡಬೇಕಾಯಿತು.

"ಸೊಪ್ಪಿಗೆ ಮದ್ದು ಒಡ್ದಿದ್ರೇನ್ಲಾ?" ಮಾದಸ್ವಾಮಿ ಕೇಳಿದ.

"ಇಲ್ಲ ಕಣಣ್ಣ."

"ಪಕ್ಕದ ಒಲದೋರು?"

"ಅವ್ರು ರಾಗಿ ಆಕವ್ರೆ. ಏನೂ ಒಡ್ದಿಲ್ಲ."

"ಮತ್ತೆ ಮನೇಲೇ ಏನೋ ಮಾಡಿದಿರಿ. ಫೋನ ಸುತ್ತ ತಿರುಗ್ಸು."

ಶಿವರಾಜು ತಿರುಗಿಸಿದ. ತಟ್ಟೆಗಳು, ಮೋಟುಗೋಡೆ, ಅದರಾಚೆ ಮಲಗಿದ್ದ ಮಗು.

"ನಿಲ್ಸು. ಗೋಡೇಲಿ ಕೆಂಪಗೆ ಉರೀತಾದಲ್ಲ, ಅದೇನು?"

ಶಿವರಾಜು ಫೋನನ್ನು ಮಷಿನ್ ಹತ್ತಿರ ಹಿಡಿದ.

"ಸೊಳ್ಳೆ ಸಾಯ್ಸೋದು ಉಳನ ಬುಟ್ಟದೇನ್ಲಾ," ಎಂದು ಮಾದಸ್ವಾಮಿ ಫೋನಿಟ್ಟ.

ಪುಟ್ಟಬಸಮ್ಮ ಮಂಕರಿ ಇಳಿಸಿದಳು. ಈಚೆ ಬಂದು ಮಷಿನ್ ಕಿತ್ತು ಮತ್ತೆ ಮೂಗಿಗೆ ಹಿಡಿದಳು.

"ಈಗ್ಲೂ ವಾಸ್ನೆ ಇಲ್ಲ," ಎಂದಳು. ಯಾರ ಮುಖವನ್ನೂ ನೋಡಲಿಲ್ಲ.

ಹುಳದ ಮನೆಗೆಂದು ತೋಡಿದ್ದ ಪಾಯದಲ್ಲೇ ಸತ್ತ ಹುಳವನ್ನೆಲ್ಲ ಸುರಿಯಲು ಶುರು ಮಾಡಿದರು. ಶಿವರಾಜು ತಟ್ಟೆ ಹೊತ್ತ, ರತ್ನ ಸುಣ್ಣ ಎರಚಿದಳು. ನಿದ್ದೆ ತಿಳಿದೆದ್ದ ಮೀನಾ ಹಿತ್ತಲ ಬಾಗಿಲಲ್ಲಿ ಕೂತು ಆಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಸುರಿದ ತಟ್ಟೆ ನಲವತ್ತೊಂದು. ಗೂಡು ಒಂದೂ ಇಲ್ಲ.