ಸಿನಿಮಾ ನೋಡಿ ಅತ್ತ ಅವ್ವ

ಸವಣೂರಿನ ಕುರುಕಲು ತಿಂಡಿ ಖಾರದ ಪೊಟ್ಟಣ ಬಿಚ್ಚಿದಾಗಲೆಲ್ಲ ಆ ಮಧ್ಯಾಹ್ನ ನೆನಪಾಗುತ್ತದೆ. ಬಹಳ ಹಿಂದೆ ಕುಷ್ಠರೋಗಿಗಳ ಸೇವೆಗೆ ನಿಂತಿದ್ದ ಪಾದ್ರಿಯೊಬ್ಬರ ಕಥೆಯ ಸಿನಿಮಾವನ್ನು ನಮ್ಮ ಶಾಲೆಯಲ್ಲಿ ತೋರಿಸಿದ್ದರು. ಪಾದ್ರಿ ರೋಗಿಯ ಹುಣ್ಣು ತೊಳೆಯುವಾಗ, ನನ್ನ ಜೊತೆ ನೋಡಲು ಬಂದಿದ್ದ ಅವ್ವ ಸೆರಗು ಒದ್ದೆಯಾಗುವಷ್ಟು ಅತ್ತಳು.

ಮನೆಗೆ ಬಂದರೆ, ಹತ್ತಿಮತ್ತೂರಿನಿಂದ ಅವಳ ಅಕ್ಕ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಅದೇ ರೋಗ ಬಂದು ವಾಸಿಯಾಗಿದ್ದರೂ ದೊಡ್ಡವ್ವನ ಬೆರಳುಗಳು ಮೊಂಡಾಗಿದ್ದವು. ಅವ್ವ ಹಾಳೆಯೊಂದರಲ್ಲಿ ಖಾರ ಹಾಕಿ ದೂರದಿಂದಲೇ ಸರಿಸಿದಳು.

ನನಗೆ ರೇಗಿಹೋಯಿತು. "ಏನವ್ವ, ಆಗ ಅಷ್ಟ ಅತ್ತೆಲ್ಲ! ತಾಟಿನ್ಯಾಗ ಕೊಡಾಕ ಏನಾಗೇತಿ ನಿನಗ?"

"ಅದು ಸಿನಿಮಾ. ಸುಮ್ಮ ಕುಂದರು."

ನಾನು ಹಟದಿಂದ ದೊಡ್ಡವ್ವನ ಪಕ್ಕ ಕುಳಿತು ಆ ಹಾಳೆಗೇ ಕೈ ಹಾಕಿದೆ. ದೊಡ್ಡವ್ವ ಗಾಬರಿಯಿಂದ ಹಾಳೆಯನ್ನು ಎಳೆದುಕೊಂಡು ಮೆಲ್ಲಗೆ ಹೇಳಿದಳು: "ಬ್ಯಾಡವ್ವ. ಹಿಂಗ ಮಾಡಿದ್ರ ನಿಮ್ಮವ್ವ ನನ್ನ ಈ ಕಟ್ಟಿಗೂ ಬರಗೊಡೂದಿಲ್ಲ."