ಆನೆಗೆ ನಾವಿಟ್ಟ ಹೆಸರು

ಇದು ಹೀಗೇ ನಡೆಯಿತೆಂದು ಪ್ರಮಾಣ ಮಾಡಲಾರೆ. ಆದರೂ ಹಸಿ ಈರುಳ್ಳಿಯ ಘಾಟು ಮೂಗಿಗೆ ಬಡಿದರೆ ಮದ್ದೂರಿನ ಆ ಮಧ್ಯಾಹ್ನ ಕಣ್ಣೆದುರು ಬರುತ್ತದೆ. ಕಾಡಂಚಿನ ನಮ್ಮ ಹೊಲದಲ್ಲಿ ಆನೆಯ ಹೆಸರೆತ್ತಿದರೆ ಆನೆ ಬಂದೇ ಬರುತ್ತದೆಂದು ದೊಡ್ಡಪ್ಪ ನಂಬಿದ್ದರು. ನಾನೂ ಅಕ್ಕನೂ ನಮ್ಮದೇ ಒಂದು ಭಾಷೆ ಕಟ್ಟಿದ್ದೆವು. ಅದರಲ್ಲಿ ಆನೆ ಎಂದರೆ 'ಗ್ರುಂ'. ಗಂಟಲಲ್ಲಿ ಗುಡುಗಿಸಿ, ತುಟಿ ಮುಚ್ಚಿ ಮುಗಿಸಬೇಕು. ಆ ಮಧ್ಯಾಹ್ನ ಕಿತ್ತ ಈರುಳ್ಳಿಯನ್ನು ಗುಡ್ಡೆ ಹಾಕುತ್ತಿದ್ದಾಗ ಅಕ್ಕ ಆ ಮಾತನ್ನು ಆಡಿಬಿಟ್ಟಳು.

"ಅದೂ ಬ್ಯಾಡ ಕಣಮ್ಮಿ, ಬಾಯ್ಮುಚ್ಚು!" ದೊಡ್ಡಪ್ಪ ಅಕ್ಕನನ್ನು ಗದರಿದರು.

"ಆನೆಗೆ ನಮ್ ಭಾಸೆ ಯಾರ್ ಕಲ್ಸವ್ರೆ ದೊಡ್ಡಪ್ಪ?" ಎಂದವಳೇ ಅಕ್ಕ ಈರುಳ್ಳಿ ಗುಡ್ಡೆ ಹತ್ತಿ, ಕಾಡಿಗೆ ಮುಖ ಮಾಡಿ "ಗ್ರುಂ!" ಎಂದು ಕೂಗಿದಳು. ನಾನೂ ಕೂಗಿದೆ. ಯಾವ ಆನೆಯೂ ಬರಲಿಲ್ಲ.

ಇದೆಲ್ಲ ನನ್ನ ಕಲ್ಪನೆಯೇ ಇರಬಹುದೆಂಬ ಅನುಮಾನದಲ್ಲೇ ಕಳೆದ ತಿಂಗಳು ಊರಿಗೆ ಹೋದೆ. ಮುರಿದ ಬೇಲಿ ತೋರಿಸುತ್ತ ದೊಡ್ಡಪ್ಪ ಹೇಳಿದರು: "ನೆನ್ನೆ ಗ್ರುಮ್ಮು ಬಂದಿತ್ತು ಕಣ್ಲಾ."